52ರಲ್ಲಿ ಸಂಸ್ಕೃತವೋ, ಹಳಗನ್ನಡವೋ?

ಬೇಸಿಗೆ ಶಿಬಿರಕ್ಕೆ ಮಕ್ಕಳನ್ನು ಕಳಿಸೋ ಕಾಲ ಮುಗಿಯಿತು, ಈಗ ನಾನೇ ಹೋಗುತ್ತಿದ್ದೇನೆ. ಹೋದ ವರ್ಷ ಶಿವಮೊಗ್ಗದಲ್ಲಿ ಸಂಸ್ಕೃತ ಸಂಭಾಷಣಾ ಶಿಬಿರ, 10 ದಿನ, ದಿನಕ್ಕೆ 2 ಗಂಟೆ. ಈ ವರ್ಷ ಸಾಗರದಲ್ಲಿ ಹಳಗನ್ನಡ ಓದುವ ತರಗತಿ, ವಾರಕ್ಕೆ 3 ಸಂಜೆಯಂತೆ 6 ವಾರ. ನಡುವೆ ಮೊಬೈಲಿನಲ್ಲಿ ವಿಡಿಯೊ ಪಾಠವನ್ನೂ ನೋಡಿದೆ. ಅದು ನಾಲ್ಕು ದಿನ ನಡೀತು, ಅಷ್ಟೇ.

ಮಜಾ ಬೇಕೆಂದರೆ ಸಂಸ್ಕೃತ ಶಿಬಿರವೇ. ಪುಸ್ತಕ ಇಲ್ಲ, ವ್ಯಾಕರಣ ಅನ್ನೋ ಮಾತೂ ಇಲ್ಲ. ಒಂದು ಉಪಾಯ ನನಗೆ ತುಂಬ ಹಿಡಿಸಿತು. ‘ನೀನು ಹೋಗುತ್ತೀಯ’ ಅನ್ನೋಕೆ ‘ತ್ವಂ ಗಚ್ಛಸಿ’ ಬಿಟ್ಟು, ‘ತಾವು’ ಅನ್ನೋ ಗೌರವದ ‘ಭವಾನ್ ಗಚ್ಛತಿ’ ಅಂತ ಹೇಳಿಕೊಟ್ಟರು. ‘ಅವನು ಹೋಗುತ್ತಾನೆ’ ಅನ್ನೋಕೂ ಅದೇ ‘ಗಚ್ಛತಿ’. ಬಾಯಿಪಾಠ ಅಷ್ಟು ಕಮ್ಮಿ ಆಯ್ತು. ಎರಡಕ್ಕೆ ಅಂತಲೇ ಇರೋ ರೂಪ, ದ್ವಿವಚನವನ್ನೂ ಹಾಗೇ ಬದಿಗಿಟ್ಟರು. ಗಡಿಯಾರದ ಪಾಠದಲ್ಲಿ ಮಾತ್ರ ಸೋತೆ. ಎಂಟೂಕಾಲಿಗೆ ಸಪಾದ ಅಷ್ಟವಾದನಮ್, ಎಂಟೂಮುಕ್ಕಾಲಿಗೆ ಪಾದೋನ ನವವಾದನಮ್. ಅಂದರೆ ಕಾಲು ಕಮ್ಮಿ ಒಂಬತ್ತು. ನಾನು ಪ್ರತಿಸಲ ‘ಅಷ್ಟ’ ಅನ್ನೋದು, ಪಕ್ಕದ ಏಳನೇ ಕ್ಲಾಸಿನ ಹುಡುಗಿ ‘ಆಂಟಿ, ನವ’ ಅಂತ ತಿದ್ದೋದು!

ಶಿಬಿರ ಮುಗಿದ ಹುಮ್ಮಸ್ಸಿನಲ್ಲಿ ಸಂಸ್ಕೃತ ಮಾತಾಡೋ ಊರು ಅಂತ ಹೆಸರಾದ, ತುಂಗೆಯ ದಡದ ಮತ್ತೂರಿಗೆ ಹೋದೆ. ಕೇಳಬೇಕಾದ್ದನ್ನು ಸಂಸ್ಕೃತದಲ್ಲೇ ಕೇಳಿದೆ. ಅವರು ಕೊಟ್ಟ ಉತ್ತರ ಅರ್ಥವಾಗಲಿಲ್ಲ, ಮುಂದಿನದೆಲ್ಲ ಕನ್ನಡದಲ್ಲೇ ಆಯ್ತು. ಮನೆಗೆ ಬಂದು ಕಾಳಿದಾಸನ ರಘುವಂಶ ತೆಗೆದರೆ ಮೊದಲ ಪದವೇ ‘ವಾಗರ್ಥೌ’. ಬದಿಗಿಟ್ಟಿದ್ದ ದ್ವಿವಚನ ಅಲ್ಲೇ ಕಾದು ಕೂತಿತ್ತು. ಓದಿಸೋ ಎರಡನೇ ಹಂತ ಇದೆ ಅಂದಿದ್ದರು, ಇನ್ನೂ ಶುರುವಾಗಿಲ್ಲ.

ಹಳಗನ್ನಡದ ಕತೆ ಉಲ್ಟಾ. ಮೊದಲೆರಡು ವಾರ ಬೇಜಾರು. ಕೊಟ್ಟ ಜೆರಾಕ್ಸಿನಲ್ಲಿ ಈಗ ಬಳಕೆ ತಪ್ಪಿದ ಹಳೆಯ ಅಕ್ಷರಗಳು ಱ, ೞ ಎರಡೂ ಮಸಿಯ ಚುಕ್ಕೆ. ಯಾವುದು ಯಾವುದು ಅಂತ ಪಕ್ಕದವರನ್ನು ಕೇಳಿ ಪೆನ್ನಿನಲ್ಲಿ ತಿದ್ದಿಕೊಂಡೆ. ಮೂರನೇ ವಾರ ಪಂಪ ಬಂದ. 941ರ ವಿಕ್ರಮಾರ್ಜುನ ವಿಜಯದ ಸಾಲು: ‘ಆರಂಕುಶಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ.’ ಆ ಸಂಜೆ ಪೂರ್ತಿ ಅದೊಂದೇ ಸಾಲು. ಆರ್, ಅಂಕುಶಂ, ಇಟ್ಟೊಡಂ. ಯಾರು ಅಂಕುಶದಿಂದ ತಿವಿದರೂ. ನೆನೆವುದು, ಎನ್ನ, ಮನಂ. ಕೊನೆಯ ‘ಅಂ’ ನಮ್ಮ ‘ಅನ್ನು’. ಬಿಡಿಸಿಟ್ಟ ಮೇಲೆ ನಿಘಂಟೇ ಬೇಕಾಗಲಿಲ್ಲ. ಬನವಾಸಿಯೋ, ಸೊರಬ ದಾಟಿದರೆ ಸಿಕ್ಕಿತು.

ಆಮೇಲೆ ‘ಪೋಪ’, ‘ಬರ್ಪ’ ಬಂದವು. ಹೋಗುವ, ಬರುವ ಅಂತ ಮೇಷ್ಟ್ರು ಅರ್ಥ ಬರೆಸಿದರು. ನನಗದು ಬೇಕಿರಲಿಲ್ಲ. ನಮ್ಮನೆ ಹವ್ಯಕ ಮಾತಿನಲ್ಲಿ ‘ಹೋಪ’, ‘ಬಪ್ಪ’ ದಿನಾ ಕಿವಿಗೆ ಬೀಳುತ್ತವೆ. ಹುಡುಗಿಯ ಹಾಗೆ ಪಟಪಟ ಕಲಿಯೋಕೆ ನನ್ನಿಂದಾಗಲ್ಲ, ನಿಜ. ಆದರೆ 52 ವರ್ಷ ಕೇಳಿಸಿಕೊಂಡಿದ್ದು ಇಲ್ಲಿ ನೆರವಿಗೆ ಬಂತು, ಅಲ್ಲಿ ಬರಲಿಲ್ಲ.

ಮಾತಾಡೋ ಆಸೆ, ಜೊತೆಗೊಂದು ಗುಂಪು ಇದ್ದರೆ ಸಂಸ್ಕೃತ ಶಿಬಿರಕ್ಕೆ ಹೋಗಿ, ಹತ್ತೇ ದಿನ ತಾನೇ. ನಾನಂತೂ ಮುಂದಿನ ಏಪ್ರಿಲ್‌ಗೂ ಸಾಗರಕ್ಕೇ. ಜೆರಾಕ್ಸ್ ಮಾತ್ರ ಈ ಸಲ ನಾನೇ ಮಾಡಿಸಿಕೊಳ್ತೀನಿ.