“ಹಕ್ಕಿ ಗ್ಯಾರಂಟಿ” ಅಂದವರನ್ನು ನಂಬಬೇಡಿ: ನನ್ನ ಫೋಟೋದಲ್ಲಿ ಸಿಕ್ಕ ಗುಂಡುಪಿನ್ನು

ವಲಸೆ ಹಕ್ಕಿಗಳ ಫೋಟೋಗೆ ಅಂತ ದುಡ್ಡು ಕೊಟ್ಟು ಹೈಡ್ (ಹಕ್ಕಿಗೆ ಕಾಣದಂತೆ ಕೂತು ಫೋಟೋ ತೆಗೆಯುವ ಮರೆ) ಬುಕ್ ಮಾಡುವವರೆಲ್ಲ ದಯವಿಟ್ಟು ಇದನ್ನು ಓದಿ. ನಾನು ಮೋಸ ಹೋಗಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ದುಡ್ಡು ಹೋಗಿದ್ದಕ್ಕಿಂತ ಆ ಹಕ್ಕಿಯನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಬ್ಲೂಥ್ರೋಟ್ ಗೊತ್ತಲ್ವಾ? ಗುಬ್ಬಿಗಿಂತ ಸಣ್ಣದು, ತೂಕ 20 ಗ್ರಾಂ ಆಸುಪಾಸು. ಗಂಡಿನ ಕೊರಳಲ್ಲಿ ಹೊಳೆಯುವ ನೀಲಿ, ಅದರ ಕೆಳಗೆ ಇಟ್ಟಿಗೆ ಬಣ್ಣದ ಪಟ್ಟಿ. ಯುರೋಪ್, ಏಷ್ಯಾದ ಉತ್ತರ ಭಾಗಗಳಲ್ಲಿ ಮರಿ ಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕೆ ಬರುತ್ತದೆ. ನೀರಂಚಿನ ಜೊಂಡಿನ ಬುಡದಲ್ಲಿ ಓಡುತ್ತದೆ, ಬಾಲ ಎತ್ತಿ ಅರೆಕ್ಷಣ ನಿಲ್ಲುತ್ತದೆ, ಮತ್ತೆ ಮಾಯ. ಮೂರು ಚಳಿಗಾಲ ಅದರ ಹಿಂದೆ ಬಿದ್ದಿದ್ದೆ. ಸಿಕ್ಕಿದ್ದೆಲ್ಲ ಜೊಂಡಿನ ಮರೆಯ ಅರ್ಧ ಬಾಲ, ಫೋಕಸ್ ತಪ್ಪಿದ ಬೆನ್ನು.

ಆಗ ಕಣ್ಣಿಗೆ ಬಿದ್ದಿದ್ದು ಹೈಡ್ ನಡೆಸುವ ಒಬ್ಬ ಗೈಡ್‌ನ ಜಾಹೀರಾತು. “ಬ್ಲೂಥ್ರೋಟ್ ಗ್ಯಾರಂಟಿ, ಕಾಣದಿದ್ದರೆ ಹಣ ವಾಪಸ್.” ಫೋನ್ ಮಾಡಿದಾಗ ನಾನು ಎರಡೆರಡು ಸಲ ಕೇಳಿದೆ. ಹಕ್ಕಿ ಸೆಳೆಯೋಕೆ ಹುಳ ಇಡ್ತೀರಾ? ರೆಕಾರ್ಡ್ ಮಾಡಿದ ಕೂಗು ಹಾಕ್ತೀರಾ? “ಛೆ ಛೆ ಮೇಡಂ, ನಮ್ಮಲ್ಲಿ ಅದೆಲ್ಲ ಇಲ್ಲ. ಎಲ್ಲಾ ನ್ಯಾಚುರಲ್” ಅಂದ. ನಂಬಿದೆ. ಪೂರ್ತಿ ದುಡ್ಡು ಮುಂಗಡ ಕೊಟ್ಟೆ.

ಹೈಡ್‌ನಲ್ಲಿ ಕೂತು ಇಪ್ಪತ್ತು ನಿಮಿಷಕ್ಕೆ ಹಕ್ಕಿ ಬಂತು. ಎದುರಿಗೇ ಪಾಚಿ ಕಟ್ಟಿದ ಒಂದು ಕೊಂಬೆ, ಅದರ ಮೇಲೇ ಕೂತಿತು. ಹೋಯಿತು, ಮತ್ತೆ ಬಂತು. ಒಂದು ಗಂಟೆಯಲ್ಲಿ ಒಂಬತ್ತು ಸಲ, ಅದೇ ಕೊಂಬೆಗೆ, ಅದೇ ಜಾಗಕ್ಕೆ. ನೆಲದಲ್ಲಿ ಓಡಾಡುವ ಹಕ್ಕಿ ಹೀಗೆ ಒಂದೇ ಕೊಂಬೆಗೆ ಯಾಕೆ ಬರುತ್ತಿದೆ ಅಂತ ನನಗೆ ಆಗಲೇ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಮೂರು ವರ್ಷ ಕಾದಿದ್ದೆನಲ್ಲ, ಕೈ ನಡುಗುತ್ತಿತ್ತು, ಬಟನ್ ಒತ್ತುತ್ತಲೇ ಇದ್ದೆ.

ಮನೆಗೆ ಬಂದು ಒಂದು ಫೋಟೋ ಹಂಚಿಕೊಂಡೆ. “ಹುಳ ಇಟ್ಟಿಲ್ಲ, ಕೂಗು ಹಾಕಿಲ್ಲ, ಪೂರ್ತಿ ಸಹಜ” ಅಂತ ಹೆಮ್ಮೆಯಿಂದ ಬರೆದೆ. ಎಲ್ಲರೂ ಹೊಗಳಿದರು. ರಾತ್ರಿ ಹಿರಿಯರೊಬ್ಬರ ಮೆಸೇಜ್ ಬಂತು. ಬಹಳ ವರ್ಷಗಳಿಂದ ಹಕ್ಕಿ ನೋಡುತ್ತಿರುವವರು. “ಬೇಜಾರು ಮಾಡ್ಕೋಬೇಡಿ, ಕಾಲಿನ ಹತ್ತಿರ ಪಾಚಿಯಲ್ಲಿ ಹೊಳೀತಿರೋದು ಏನು ಅಂತ ಸ್ವಲ್ಪ ನೋಡ್ತೀರಾ?”

ಫೋಟೋವನ್ನು ಪೂರ್ತಿ ದೊಡ್ಡದು ಮಾಡಿ ನೋಡಿದೆ. ಪಾಚಿಯ ನಡುವೆ ಒಂದು ಬಿಳಿ ಚುಕ್ಕೆ. ಪಕ್ಕದ ಫ್ರೇಮ್ ತೆರೆದೆ. ಅದರಲ್ಲಿ ಹಕ್ಕಿ ಬಗ್ಗಿ ಏನನ್ನೋ ಎಳೆಯುತ್ತಿದೆ. ಹಳದಿ ಬಣ್ಣದ, ಉಂಗುರ ಉಂಗುರದ ಮೈ. ಮೀಲ್‌ವರ್ಮ್, ಅಂದರೆ ಹಕ್ಕಿಗಳಿಗೆ ಹಾಕುವ ಒಂದು ಜೀರುಂಡೆಯ ಮರಿಹುಳ. ಅದರ ಒಂದು ತುದಿ ಕೊಕ್ಕಿನಲ್ಲಿ. ಇನ್ನೊಂದು ತುದಿಯಲ್ಲಿ ಗುಂಡುಪಿನ್ನು. ಹುಳವನ್ನು ಜೀವಂತ ಚುಚ್ಚಿ ಕೊಂಬೆಗೆ ಸಿಕ್ಕಿಸಿದ್ದರು, ಹಕ್ಕಿ ಎಳೆಯುತ್ತಾ ಜಾಸ್ತಿ ಹೊತ್ತು ಅಲ್ಲೇ ನಿಲ್ಲಲಿ ಅಂತ.

ಮೈ ತಣ್ಣಗಾಯಿತು. ಆ ಪಿನ್ನನ್ನೂ ಸೇರಿಸಿ ನುಂಗಿಬಿಟ್ಟಿದ್ದರೆ? ನುಂಗಿದೆಯೋ ಏನೋ!

ಗೈಡ್‌ಗೆ ಫೋಟೋ ಕಳಿಸಿದೆ. ಮೊದಲ ಉತ್ತರ: “ಅದು ಇಬ್ಬನಿ ಮೇಡಂ.” ಫೋಟೋ ತೆಗೆದಿದ್ದು ಬೆಳಿಗ್ಗೆ 11:20ಕ್ಕೆ, ಕೊಂಬೆಯ ಮೇಲೆ ಸುಡು ಬಿಸಿಲು. ಹಾಗಂತ ಹೇಳಿದೆ. “ಹಿಂದೆ ಬಂದವರು ಯಾರೋ ಇಟ್ಟಿರಬೇಕು.” ಹಿಂದೆ ಬಂದವರು ಇಟ್ಟ ಹುಳ ಇನ್ನೂ ಹೇಗೆ ಒದ್ದಾಡುತ್ತಿದೆ ಅಂತ ಕೇಳಿದೆ. ಅರ್ಧ ಗಂಟೆ ಸದ್ದಿಲ್ಲ. ಆಮೇಲೆ, “ಎಲ್ಲರೂ ಮಾಡೋದೇ ಮೇಡಂ. ಹಕ್ಕಿಗೂ ಊಟ ಸಿಕ್ತು, ನಿಮಗೂ ಫೋಟೋ ಸಿಕ್ತು. ಈಗ್ಯಾಕೆ ಗಲಾಟೆ?” ದುಡ್ಡು ವಾಪಸ್ ಕೊಡಿ ಅಂದೆ. “ಹಕ್ಕಿ ಕಾಣದಿದ್ರೆ ವಾಪಸ್ ಅಂದಿದ್ದು. ನಿಮಗೆ ಕಂಡಿದೆಯಲ್ವಾ?” ಅಷ್ಟು ಹೇಳಿ ನನ್ನನ್ನು ಬ್ಲಾಕ್ ಮಾಡಿದ.

“ಹಕ್ಕಿಗೂ ಊಟ ಸಿಕ್ತು.” ಈ ಮಾತು ಇನ್ನೂ ಕಿವಿಯಲ್ಲೇ ಇದೆ. ಈ ಸಣ್ಣ ಹಕ್ಕಿಗಳಲ್ಲಿ ಹೆಚ್ಚಿನವು ರಾತ್ರಿಯೆಲ್ಲ ಹಾರಿ, ಹಗಲು ಇಳಿದು, ತಿಂದು ಕೊಬ್ಬು ಕೂಡಿಸಿಕೊಂಡು ಮತ್ತೆ ಹೊರಡುತ್ತವೆ. 12 ಗ್ರಾಂ ತೂಕದ ಬ್ಲ್ಯಾಕ್‌ಪೋಲ್ ವಾರ್ಬ್ಲರ್ ಅನ್ನುವ ಉತ್ತರ ಅಮೆರಿಕದ ಹಕ್ಕಿ ಎರಡು ಮೂರು ದಿನ ಎಲ್ಲೂ ಇಳಿಯದೆ ಅಟ್ಲಾಂಟಿಕ್ ಸಾಗರದ ಮೇಲೆ ಹಾರುತ್ತದೆ ಅಂತ 2015ರಲ್ಲಿ ಖಚಿತವಾದಾಗ ಓದಿ ಕಣ್ಣು ತುಂಬಿ ಬಂದಿತ್ತು. ಅಂಥ ದಾರಿ ಸವೆಸಿ ಬಂದ ಜೀವಕ್ಕೆ ಪಿನ್ನು ಚುಚ್ಚಿದ ಹುಳ! ಅದಕ್ಕೆ ದುಡ್ಡು ಕೊಟ್ಟವಳು ನಾನು.

ಆ ಫೋಟೋವನ್ನು ಸ್ಪರ್ಧೆಗೆ ಕಳಿಸಬೇಕು ಅಂತಲೂ ಇದ್ದೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಸ್ಪರ್ಧೆಯಲ್ಲಿ ಜೀವಂತ ಹುಳ ಇಟ್ಟು ತೆಗೆದ ಫೋಟೋಗೆ ಜಾಗವಿಲ್ಲ. ಕಳಿಸಿದ್ದರೆ ಸುಳ್ಳಿ ಅನ್ನಿಸಿಕೊಳ್ಳುತ್ತಿದ್ದವಳು ನಾನು, ಆ ಗೈಡ್ ಅಲ್ಲ.

ಬುಕ್ ಮಾಡುವ ಮುಂಚೆ ಅವರು ಹಾಕಿರುವ ಹಳೆಯ ಫೋಟೋಗಳನ್ನೆಲ್ಲ ನೋಡಿ. ಬೇರೆ ಬೇರೆ ದಿನ, ಬೇರೆ ಬೇರೆ ಹಕ್ಕಿ, ಆದರೆ ಕೊಂಬೆ ಮಾತ್ರ ಒಂದೇ ಅಂದರೆ ಅಲ್ಲಿಗೆ ಹೋಗಬೇಡಿ. ಹುಳ ಇಡಲ್ಲ ಅನ್ನುವುದನ್ನು ಬರಹದಲ್ಲಿ ತೆಗೆದುಕೊಳ್ಳಿ, ಬಾಯಿಮಾತು ನನಗೆ ಯಾವ ಉಪಯೋಗಕ್ಕೂ ಬರಲಿಲ್ಲ. ಮುಂಗಡ ಪೂರ್ತಿ ಕೊಡಲೇಬೇಡಿ. ಹೈಡ್‌ಗೆ ಹೋದ ತಕ್ಷಣ ಎದುರಿನ ಕೊಂಬೆಯನ್ನು ಲೆನ್ಸ್‌ನಲ್ಲಿ ಚೆನ್ನಾಗಿ ನೋಡಿ. ಪಿನ್ನು ಕಂಡರೆ ಅದರ ಫೋಟೋ ತೆಗೆದು ಎದ್ದು ಬನ್ನಿ.

ನನ್ನ ಫೋಟೋ ಅಳಿಸಿ, ಹೊಗಳಿದವರಿಗೆಲ್ಲ ಕ್ಷಮೆ ಕೇಳಿದ್ದೇನೆ. ಜೊಂಡಿನ ಮರೆಯ ಅರ್ಧ ಬಾಲದ ಫೋಟೋಗಳನ್ನು ಇಟ್ಟುಕೊಂಡಿದ್ದೇನೆ.

ಆ ಗೈಡ್ ನಿನ್ನೆ ಮತ್ತೊಂದು ಫೋಟೋ ಹಾಕಿದ್ದಾನೆ ಅಂತ ಗೆಳತಿ ಕಳಿಸಿದ್ದಳು. ಅದೇ ಕೊಂಬೆ, ಅದೇ ಪಾಚಿ. ಕೆಳಗೆ, ಈ ವಾರ ಇನ್ನೂ ಎರಡು ಸೀಟು ಖಾಲಿ ಇದೆ ಅಂತ ಬರೆದಿದ್ದಾನೆ.