ನೊಣದ ಚೀಲ: ದನದ ಹಟ್ಟಿಯೊಳಗೆ ಕಟ್ಟಬೇಡಿ

ನೀರು ತುಂಬಿಸಿ ನೇತುಹಾಕುವ ನೊಣದ ಚೀಲ ಈಗ ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತದೆ. ಒಳಗಿರುವುದು ನಾರುವ ಪುಡಿ. ಗೆರೆಯವರೆಗೆ ನೀರು ಹೊಯ್ದು ಬಿಸಿಲಿಗೆ ಕಟ್ಟಿದರೆ ಪುಡಿ ಕರಗಿ ಕೊಳೆತ ಮೀನಿನಂಥ ವಾಸನೆ ಏಳುತ್ತದೆ. ಮುಚ್ಚಳದ ತೂತಿನಿಂದ ಇಳಿದ ನೊಣಕ್ಕೆ ವಾಪಸು ದಾರಿ ಸಿಗುವುದಿಲ್ಲ, ನೀರಿಗೆ ಬೀಳುತ್ತದೆ. ಮನೆನೊಣದ ಮಟ್ಟಿಗೆ ಚೀಲ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಆದರೆ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಹಟ್ಟಿಗಳಲ್ಲಿ ದನ ಕಾಲು ಬಡಿಯುವಂತೆ ಮಾಡುವುದು ಬೇರೆ ಜಾತಿ: ಕಚ್ಚುವ ನೊಣ. ನೋಡಲು ಮನೆನೊಣದಂತೆಯೇ, ಮುಖದ ಮುಂದೆ ಸೂಜಿಯಂತೆ ಚಾಚಿದ ಸೊಂಡಿಲು ಕಂಡರೆ ಅದೇ. ಗಂಡು, ಹೆಣ್ಣು ಎರಡೂ ರಕ್ತ ಹೀರುತ್ತವೆ. ಹೀಗಾಗಿ ಚೀಲದ ನಾತಕ್ಕೆ ಅದು ಅಷ್ಟಾಗಿ ಮರುಳಾಗುವುದಿಲ್ಲ. ಚೀಲ ತುಂಬಿದೆ, ದನ ಇನ್ನೂ ಕಾಲು ಬಡಿಯುತ್ತಿದೆ ಎಂದರೆ ತಪ್ಪು ಚೀಲದ್ದಲ್ಲ, ಕಾಲಡಿಯ ಸೊಪ್ಪಿನದು. ಸೊಪ್ಪು, ಸೆಗಣಿ, ಗಂಜಳ ಬೆರೆತು ವಾರಗಟ್ಟಲೆ ಕೊಳೆಯುವ ಹಾಸು ಈ ನೊಣಕ್ಕೆ ಹೆರಿಗೆಮನೆ.

ಮನೆನೊಣಕ್ಕೆ ಹಸಿ ಸೆಗಣಿಯೇ ಸಾಕು. ಹೆಣ್ಣು ಒಂದು ಸಲಕ್ಕೆ ನೂರರ ಆಸುಪಾಸು ಮೊಟ್ಟೆ ಇಡುತ್ತದೆ, ಅದೂ ಹಲವು ಸಲ. ನಮ್ಮ ಸೆಕೆಯಲ್ಲಿ ಒಂದು ದಿನದೊಳಗೆ ಬಿಳಿ ಹುಳ ಹೊರಬರುತ್ತದೆ. ಎರಡು ಬಾರಿ ಪೊರೆ ಬಿಟ್ಟು, ನಾಲ್ಕೈದು ದಿನದಲ್ಲಿ ಬಲಿತು, ರಾಶಿಯ ಅಂಚಿನ ಒಣ ಮಣ್ಣಿಗೆ ಸರಿದು ಕಂದುಗೆಂಪು ಕೋಶವಾಗುತ್ತದೆ. ಕುಚ್ಚಲಕ್ಕಿ ಕಾಳು ಚೆಲ್ಲಿದಂತೆ ಕಾಣುವುದು ಅದೇ. ಮೊಟ್ಟೆಯಿಂದ ರೆಕ್ಕೆಯವರೆಗೆ ಏಳರಿಂದ ಹತ್ತು ದಿನ. ಕಚ್ಚುವ ನೊಣಕ್ಕೆ ಎರಡು ಮೂರು ವಾರ ಬೇಕು. ಆದ್ದರಿಂದ ಸೆಗಣಿ ದಿನಾ ತೆಗೆಯಬೇಕು, ಹಾಸನ್ನು ವಾರಕ್ಕೊಮ್ಮೆಯಾದರೂ ಪೂರ್ತಿ, ಮೂಲೆಯನ್ನೂ ಗೋದಲೆಯ ಬುಡವನ್ನೂ ಬಿಡದೆ ಬಾಚಬೇಕು. ಬಾಚಿದ್ದನ್ನು ಹಟ್ಟಿಯ ಪಕ್ಕದಲ್ಲೇ ತೆಳ್ಳಗೆ ಹರಡಿಟ್ಟರೆ, ಅದೂ ಮಳೆಗಾಲದಲ್ಲಿ, ಬಾಚಿ ಏನು ಬಂತು? ಎತ್ತರಕ್ಕೆ ಒಟ್ಟಿ, ಟಾರ್ಪಾಲು ಬಿಗಿದು ಅಂಚಿಗೆ ಕಲ್ಲು ಹೇರಿ. ರಾಶಿಯ ನಡುವಿನ ಬಿಸಿಗೆ ಹುಳ ಸಾಯುತ್ತದೆ, ತಂಪಾದ ಹೊರಪದರದಲ್ಲಿ ಉಳಿಯುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಹೊರಗಿನದನ್ನು ಒಳಕ್ಕೆ ಮಗುಚುವುದು ಅದಕ್ಕೇ. ಕೋಳಿ ಇದ್ದರೆ ಮಗುಚಿದ ಮೇಲೆ ಬಿಡಿ, ಉಳಿದ ಹುಳ ಅವುಗಳ ಪಾಲು. ಗೋಬರ್ ಗ್ಯಾಸ್ ಇರುವವರಿಗೆ ಈ ರಗಳೆ ಅರ್ಧ ಕಡಿಮೆ.

ಇಷ್ಟಾದ ಮೇಲೆ ಚೀಲ. ಹಟ್ಟಿಯೊಳಗೆ ಕಟ್ಟಿದರೆ ಊರ ನೊಣವನ್ನೆಲ್ಲ ಕರೆದಂತೆ. ಏಳೆಂಟು ಮೀಟರ್ ಆಚೆ, ಬಿಸಿಲು ಬೀಳುವಲ್ಲಿ, ಅಡಿಗೆಮನೆಯ ಗಾಳಿದಿಕ್ಕು ತಪ್ಪಿಸಿ, ಎದೆಮಟ್ಟಕ್ಕೆ ಕಟ್ಟಿ. ನೀರು ಆರಿದರೆ ಮತ್ತೆ ಗೆರೆಯವರೆಗೆ ಹೊಯ್ಯಿರಿ. ಸತ್ತ ನೊಣ ಒಣಗಿ ತೇಲಿದರೆ ಹೊಸದು ಅದರ ಮೇಲೆ ಕೂತು ಮುಳುಗುವುದಿಲ್ಲ. ಜೂನ್ ಬಂತೆಂದರೆ ಮಳೆನೀರು ಇಳಿದು ಮದ್ದು ನೀರಾಗುತ್ತದೆ, ಮಾಡಿನಂಚಿಗೆ ಸರಿಸಿ. ತುಂಬಿದ ಚೀಲವನ್ನು ತೆರೆಯಬೇಡಿ. ಆ ನಾತ ಕೈಗೆ ಹತ್ತಿದರೆ ಸೋಪಿಗೂ ಜಗ್ಗದು.