ಹಂಗೇರಿಯ ಜರ್ಮನ್ ಹಳ್ಳಿಗಳಲ್ಲಿ ಹಿರಿಯರ ಹುಡುಕಾಟ: ಹೆಸರು ಟೈಪ್ ಮಾಡೋದಾ, ಪುಟ ತಿರುವೋದಾ, ಅಚ್ಚಾದ ಪುಸ್ತಕ ನಂಬೋದಾ?

ನಮ್ಮತ್ತೆಯ ತಂದೆ ಹುಟ್ಟಿದ್ದು ಹಂಗೇರಿಯ ತೊಲ್ನಾ ಜಿಲ್ಲೆಯ ಒಂದು ಜರ್ಮನ್ ಹಳ್ಳಿಯಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಂಥ ಹಳ್ಳಿಗಳ ಜನರನ್ನು ರೈಲಿಗೆ ಹತ್ತಿಸಿ ಜರ್ಮನಿಗೆ ಕಳಿಸಿದರು. ಮೊದಲ ರೈಲು 1946ರ ಜನವರಿ 19ರಂದು ಬುಡಾಪೆಸ್ಟ್ ಪಕ್ಕದ ಬುಡಾಓರ್ಶ್‌ನಿಂದ ಹೊರಟಿತು. ಸ್ಟುಟ್‌ಗಾರ್ಟ್ ಸುತ್ತಮುತ್ತ ಹಾಗೆ ಬಂದು ನೆಲೆಸಿದ ಮನೆತನಗಳು ಬೇಕಾದಷ್ಟಿವೆ. ಅಂಥದೊಂದು ಮನೆಗೆ ಸೊಸೆಯಾಗಿ ಬಂದ ನನಗೆ ವಂಶ ಹುಡುಕುವ ಕೆಲಸ ತಾನಾಗಿಯೇ ಅಂಟಿಕೊಂಡಿತು.

ಈ ಜನ ಹಂಗೇರಿಗೆ ಹೋದದ್ದು ಹೆಚ್ಚಾಗಿ 18ನೇ ಶತಮಾನದಲ್ಲಿ. ತುರ್ಕರು ಹಿಂದೆ ಸರಿದ ಮೇಲೆ ಅಲ್ಲಿ ಎಷ್ಟೋ ಜಮೀನು ಬೀಳು ಬಿದ್ದಿತ್ತು. ಜಮೀನ್ದಾರರೂ ವಿಯೆನ್ನಾದ ಆಸ್ಥಾನವೂ ಜರ್ಮನ್ ರೈತರನ್ನು ಕರೆದರು. ಉಲ್ಮ್‌ನಂಥ ಊರುಗಳಲ್ಲಿ ದೋಣಿ ಹತ್ತಿ ಅವರು ಡಾನ್ಯೂಬ್ ನದಿಯ ಗುಂಟ ಹೋದರು. ತೊಲ್ನಾ, ಬರಾನ್ಯಾ, ಶೊಮೊಗ್ಯ್ ಜಿಲ್ಲೆಗಳು ಸೇರಿದ ಆ ಸೀಮೆಗೆ 'ಸ್ವಾಬಿಯನ್ ಟರ್ಕಿ' ಅಂತಲೇ ಹೆಸರು ಬಿತ್ತು. ಹಂಗೇರಿಯಲ್ಲಿ ಸರ್ಕಾರಿ ಜನನ-ಮರಣ ನೋಂದಣಿ ಶುರುವಾದದ್ದು 1895ರ ಅಕ್ಟೋಬರ್ 1ಕ್ಕೆ. ಅದಕ್ಕಿಂತ ಹಿಂದಿನ ಹುಟ್ಟು, ಮದುವೆ, ಸಾವು ಎಲ್ಲ ಪಾದ್ರಿಗಳ ರಿಜಿಸ್ಟರಿನಲ್ಲೇ ಇರುವುದು. ಅದನ್ನು ಮುಟ್ಟುವ ದಾರಿಗಳನ್ನು ಒಂದೊಂದಾಗಿ ನಾನು ಮಾಡಿ ನೋಡಿದ್ದೇನೆ.

ಎಲ್ಲರೂ ಮೊದಲು ಮಾಡುವುದು ಫ್ಯಾಮಿಲಿಸರ್ಚ್ ಅನ್ನುವ ವಂಶಾವಳಿ ತಾಣದಲ್ಲಿ ಹೆಸರು ಟೈಪ್ ಮಾಡುವುದು. ಖಾತೆ ತೆರೆಯುವುದಕ್ಕೆ ದುಡ್ಡಿಲ್ಲ. ಹಂಗೇರಿಯ ಕ್ಯಾಥೊಲಿಕ್ ದಾಖಲೆಗಳ ದೊಡ್ಡ ಇಂಡೆಕ್ಸ್, ಅಂದರೆ ಹೆಸರುಗಳ ಪಟ್ಟಿ, ಅಲ್ಲಿದೆ, ಪ್ರೊಟೆಸ್ಟಂಟರಲ್ಲೇ ಒಂದು ಪಂಗಡವಾದ ರಿಫಾರ್ಮ್ಡ್ ಚರ್ಚಿನದೂ ಇದೆ. ಅದೃಷ್ಟ ಚೆನ್ನಾಗಿದ್ದರೆ ಕೂತ ಕಡೆಯೇ ಎರಡು ತಲೆಮಾರು ಸಿಕ್ಕಿಬಿಡುತ್ತದೆ. ಆದರೆ ಇಲ್ಲಿ ಹೆಸರು ಅನ್ನುವುದು ಒಂದೇ ಕಡೆ ನಿಲ್ಲುವುದಿಲ್ಲ. ಪಾದ್ರಿ ಕಿವಿಗೆ ಬಿದ್ದ ಹಾಗೆ ಬರೆದಿದ್ದಾನೆ. ಬಾವರ್ ಇದ್ದವನು ಪಾವರ್ ಆಗುತ್ತಾನೆ, ಬೆಕರ್ ಇದ್ದವನು ಪೆಕರ್. ಲ್ಯಾಟಿನ್‌ನಲ್ಲಿ ಯೊಹಾನ್ನೆಸ್ ಆದವನು ಹಂಗೇರಿಯನ್‌ನಲ್ಲಿ ಯಾನೋಶ್, ಮನೆಯಲ್ಲಿ ಹ್ಯಾನ್ಸ್. ಅದನ್ನು ಓದಿ ಇಂಡೆಕ್ಸ್ ಮಾಡಿದವರು ಇನ್ನೊಂದಿಷ್ಟು ಬದಲಿಸಿರುತ್ತಾರೆ. ಹಾಗಾಗಿ ನಾನು ಪೂರ್ತಿ ಮನೆತನದ ಹೆಸರು ಹಾಕುವುದನ್ನೇ ಬಿಟ್ಟೆ. ಅನುಮಾನ ಇರುವ ಅಕ್ಷರದ ಜಾಗದಲ್ಲಿ ನಕ್ಷತ್ರದ ಚಿಹ್ನೆ ಹಾಕಿ, ಜೊತೆಗೆ ಅಪ್ಪ ಅಮ್ಮನ ಮೊದಲ ಹೆಸರು ಮತ್ತು ಊರು ಕೊಟ್ಟರೆ ಫಲ ಜಾಸ್ತಿ. ಇಷ್ಟಾದರೂ ಇದು ಬಾಗಿಲು ತೋರಿಸುತ್ತದೆ ಅಷ್ಟೆ, ಒಳಗೆ ಕರೆದುಕೊಂಡು ಹೋಗುವುದಿಲ್ಲ.

ಒಳಗೆ ಹೋಗುವುದು ಅಂದರೆ ಅದೇ ತಾಣದಲ್ಲಿರುವ ರಿಜಿಸ್ಟರುಗಳ ಮೈಕ್ರೋಫಿಲ್ಮ್ ಚಿತ್ರಗಳನ್ನು ಪುಟ ಪುಟವಾಗಿ ತಿರುವುವುದು. ನನ್ನ ಮತ ಇದಕ್ಕೇ. ಬೇಜಾರಿನ ಕೆಲಸ, ಕಣ್ಣಿಗೂ ಕಷ್ಟ, ಆದರೂ ಇದಕ್ಕೇ. ಕೆಲವು ಫಿಲ್ಮ್ ಮನೆಯಲ್ಲೇ ತೆರೆಯುತ್ತವೆ, ಕೆಲವನ್ನು ಅವರ ಕೇಂದ್ರಕ್ಕೋ ಅವರ ಜೊತೆ ಒಪ್ಪಂದ ಇರುವ ಲೈಬ್ರರಿಗೋ ಹೋಗಿ ನೋಡಬೇಕು. ಭಾಷೆಗೆ ಹೆದರಬೇಕಾಗಿಲ್ಲ. ಕ್ಯಾಥೊಲಿಕ್ ರಿಜಿಸ್ಟರುಗಳು ಸುಮಾರು 1840ರವರೆಗೆ ಲ್ಯಾಟಿನ್, ಆಮೇಲೆ ಹಂಗೇರಿಯನ್, 1850ರ ದಶಕದಲ್ಲಿ ಕೆಲವು ಕಡೆ ಜರ್ಮನ್, ಮತ್ತೆ ಹಂಗೇರಿಯನ್. ತಲೆಬರಹದ ಹತ್ತಿಪ್ಪತ್ತು ಪದ ಗೊತ್ತಾದರೆ ಸಾಕು. ಲುಥೆರನ್ (ಪ್ರೊಟೆಸ್ಟಂಟರ ಇನ್ನೊಂದು ಪಂಗಡ) ಊರಾದರೆ ಕಷ್ಟ ಬೇರೆ: ಬರಹ ಜರ್ಮನ್‌ನಲ್ಲೇ ಇರುತ್ತದೆ, ಆದರೆ ಕುರೆಂಟ್ ಅನ್ನುವ ಹಳೆಯ ಕೈಬರಹದಲ್ಲಿ. ಇವತ್ತಿನ ಜರ್ಮನ್ನರಲ್ಲೇ ಎಷ್ಟೋ ಜನಕ್ಕೆ ಅದು ಓದಲು ಬರುವುದಿಲ್ಲ.

ಪುಟ ತಿರುವಿದವರಿಗೆ ಸಿಗುವ ಲಾಭ ಏನು ಅಂದರೆ, ಹೆಸರಿನ ಅಕ್ಕಪಕ್ಕ ಇರುವುದೆಲ್ಲ ಕಣ್ಣಿಗೆ ಬೀಳುತ್ತದೆ. ಒಂದೇ ಊರಲ್ಲಿ ಒಂದೇ ಕಾಲಕ್ಕೆ ಮೂವರು ಯೊಹಾನ್ನೆಸ್ ಬೆಕರ್ ಇರುವುದು ಮಾಮೂಲು. ಯಾರು ನಮ್ಮವರು? ಮನೆ ನಂಬರ್ ಬರೆದ ಕಾಲಕ್ಕೆ ಬಂದರೆ ಅದು ಬೇರ್ಪಡಿಸುತ್ತದೆ. ಅದಿಲ್ಲದ ಹಳೆಯ ಪುಟಗಳಲ್ಲಿ ಬ್ಯಾಪ್ಟಿಸಮ್‌ಗೆ ನಿಂತ ಧರ್ಮ ತಂದೆ ತಾಯಿಯರೇ ಗತಿ. ಒಂದು ದಂಪತಿಯ ಎಲ್ಲ ಮಕ್ಕಳಿಗೂ ಹೆಚ್ಚಾಗಿ ಅದೇ ಜೋಡಿ ನಿಂತಿರುತ್ತದೆ. ಆ ಜೋಡಿಯ ಹೆಸರು ಒಂದು ಕಡೆ ಬರೆದಿಟ್ಟುಕೊಂಡರೆ ಅರ್ಧ ಗೊಂದಲ ಕಳೆಯಿತು. ಇನ್ನೊಂದು, ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವ ರೂಢಿ ಇತ್ತು. ಹುಟ್ಟಿನ ಪುಟ ಸಿಕ್ಕಿತು ಅಂತ ನಿಲ್ಲಬಾರದು, ಸಾವಿನ ಪುಟಗಳನ್ನೂ ನೋಡಬೇಕು. 1831ರ ಕಾಲರಾ ವರ್ಷದ ಸಾವಿನ ಪಟ್ಟಿ ತಿರುವುವಾಗ ಮಾತ್ರ ಕೈ ನಿಧಾನವಾಗುತ್ತದೆ.

ಅಚ್ಚಾದ ಊರಿನ ಕುಟುಂಬ ಪುಸ್ತಕಗಳು ಮೂರನೇ ದಾರಿ. ಜರ್ಮನ್‌ನಲ್ಲಿ 'ಓರ್ಟ್ಸ್‌ಫಮೀಲಿಯನ್‌ಬೂಖ್' ಅನ್ನುತ್ತಾರೆ. ಯಾರೋ ಪುಣ್ಯಾತ್ಮರು ಒಂದು ಊರಿನ ರಿಜಿಸ್ಟರನ್ನೆಲ್ಲ ಓದಿ, ಸಂಸಾರ ಸಂಸಾರವಾಗಿ ಜೋಡಿಸಿ, ಪ್ರತಿ ಸಂಸಾರಕ್ಕೂ ಒಂದು ನಂಬರ್ ಕೊಟ್ಟಿರುತ್ತಾರೆ. ನಮ್ಮ ಕಡೆ ಹೆಳವರು ಹೊತ್ತಗೆ ಬಿಚ್ಚಿ ತಲೆತಲಾಂತರ ಓದಿ ಹೇಳಿದ ಹಾಗೆ, ಒಂದೇ ಸಲಕ್ಕೆ ಎಲ್ಲ ಕೈಗೆ ಬರುತ್ತದೆ. ವೇಗದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಜರ್ಮನಿಯ ಕಂಪ್ಯೂಟರ್ ವಂಶಾವಳಿ ಸಂಘದ ತಾಣದಲ್ಲಿ ಇಂಥ ಕೆಲವು ಪುಸ್ತಕಗಳನ್ನು ಪುಕ್ಕಟೆ ನೋಡಬಹುದು. ಆದರೆ ಎಲ್ಲ ಊರಿಗೂ ಪುಸ್ತಕ ಇಲ್ಲ. ಇದ್ದರೂ, ಒಂದೇ ಹೆಸರಿನ ಇಬ್ಬರನ್ನು ಒಬ್ಬನೇ ಅಂತ ಸೇರಿಸಿಬಿಡುವ ಅಪಾಯ ಇದ್ದೇ ಇದೆ. ನಾನು ಪುಸ್ತಕದಿಂದ ತಾರೀಖು ತೆಗೆದುಕೊಂಡು ಫಿಲ್ಮ್‌ನಲ್ಲಿ ಆ ಪುಟಕ್ಕೇ ನೇರ ಹೋಗುತ್ತೇನೆ. ಅದಕ್ಕೆ ಪುಸ್ತಕ ಬಂಗಾರ. ಪುಟ ನೋಡದೆ ವಂಶವೃಕ್ಷಕ್ಕೆ ಇಳಿಸುವುದಕ್ಕೆ ಅಲ್ಲ.

ಆರ್ಕೈವ್ಸ್‌ಗೆ ಖುದ್ದಾಗಿ ಹೋಗುವುದು ಕೇಳಲು ಚೆಂದ. ತೊಲ್ನಾಕ್ಕೆ ಸೆಕ್ಸಾರ್ಡ್, ಬರಾನ್ಯಾಕ್ಕೆ ಪೇಚ್ ನಗರಗಳಲ್ಲಿ ಹಂಗೇರಿಯ ರಾಷ್ಟ್ರೀಯ ದಾಖಲೆ ಸಂಸ್ಥೆಯ ಶಾಖೆಗಳಿವೆ. ಸುಮ್ನೆ ನೋಡಿಕೊಂಡು ಬರೋಣ ಅಂತ ಹೋದರೆ ಫಿಲ್ಮ್‌ನಲ್ಲಿ ಇರುವುದನ್ನೇ ಮತ್ತೆ ನೋಡಿ ಬರಬೇಕಾಗುತ್ತದೆ. ಹೋಗುವುದಕ್ಕೆ ಒಂದು ಒಳ್ಳೆಯ ಕಾರಣ ಇದೆ: 1828ರಿಂದ ಪಾದ್ರಿಗಳು ರಿಜಿಸ್ಟರಿನ ಎರಡನೇ ಪ್ರತಿಯನ್ನು ಜಿಲ್ಲೆಗೆ ಒಪ್ಪಿಸಬೇಕಿತ್ತು. ಚರ್ಚಿನ ಪ್ರತಿ ನೀರು ಬಿದ್ದು ಅಳಿಸಿದ್ದರೆ, ಪುಟ ಹರಿದಿದ್ದರೆ ಇದು ಕೈ ಹಿಡಿಯುತ್ತದೆ.

ಯಾವ ದಾರಿ ಹಿಡಿದರೂ ಮೊದಲು ಸರಿಯಾದ ಚರ್ಚ್ ಗೊತ್ತಿರಬೇಕು. ಸಣ್ಣ ಹಳ್ಳಿಗೆ ಸ್ವಂತ ಪಾದ್ರಿ ಇರುತ್ತಿರಲಿಲ್ಲ, ಪಕ್ಕದ ಊರಿನ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಪ್ರೊಟೆಸ್ಟಂಟರಿಗೂ ತಮ್ಮ ಧರ್ಮ ಆಚರಿಸಲು ಅವಕಾಶ ಕೊಟ್ಟ 1781ರ ಸಹಿಷ್ಣುತೆಯ ಆಜ್ಞೆಗೆ ಮುಂಚೆ ಲುಥೆರನ್ನರ ಹುಟ್ಟು ಮದುವೆಗಳು ಕ್ಯಾಥೊಲಿಕ್ ಪುಸ್ತಕದಲ್ಲಿ ಸಿಗುವುದೂ ಉಂಟು. ಇದಕ್ಕೆ 1877ರ ಹಂಗೇರಿಯ ಊರುಗಳ ಪಟ್ಟಿ ಬಹಳ ಉಪಯೋಗ. ಯಾವ ಊರಲ್ಲಿ ಯಾವ ಮತದವರು ಎಷ್ಟು ಜನ, ಅವರ ಚರ್ಚ್ ಎಲ್ಲಿ ಅಂತ ಅದರಲ್ಲಿದೆ. ಮದುವೆ ಸಾಮಾನ್ಯವಾಗಿ ಹುಡುಗಿಯ ಊರಲ್ಲೇ ಆಗುತ್ತಿತ್ತು ಅನ್ನುವುದೂ ನೆನಪಿರಲಿ. ಗಂಡಿನ ಊರಲ್ಲೇ ತಡಕಾಡಿದರೆ ಸಿಗುವುದಿಲ್ಲ.

ಜರ್ಮನಿಯ ಮೂಲ ಊರು ಬೇಕೆಂದರೆ ಮೊದಲ ತಲೆಮಾರಿನವರ ಮದುವೆ ಮತ್ತು ಸಾವಿನ ಪುಟಗಳನ್ನೇ ನೋಡಬೇಕು. ಪಾದ್ರಿಗೆ ಮನಸ್ಸಿದ್ದರೆ ಎಲ್ಲಿಂದ ಬಂದವನು ಅಂತ ಬರೆದಿರುತ್ತಾನೆ. ಅಲ್ಲಿಂದಾಚೆಗೆ ಕ್ಯಾಥೊಲಿಕ್ ಆದರೆ ಚರ್ಚ್ ರಿಜಿಸ್ಟರುಗಳ ಚಿತ್ರ ಇರುವ ಮಾಟ್ರಿಕುಲಾ ತಾಣ, ಪುಕ್ಕಟೆ. ಆದರೆ ಎಲ್ಲ ಡಯೊಸಿಸ್‌ಗಳೂ (ಒಬ್ಬೊಬ್ಬ ಬಿಷಪ್ಪರ ಸೀಮೆ) ಅದರಲ್ಲಿಲ್ಲ. ಪ್ರೊಟೆಸ್ಟಂಟ್ ಆದರೆ ಅಂಥದೇ ಆರ್ಕಿಯಾನ್ ತಾಣ, ಅದಕ್ಕೆ ದುಡ್ಡು. ಹೆಸ್ಸೆ, ವ್ಯೂರ್ಟೆಂಬರ್ಗ್ ಕಡೆಯ ಪುಸ್ತಕಗಳು ಅಲ್ಲಿವೆ. ಪಾಸ್ ಕೊಂಡ ದಿನದಿಂದಲೇ ಅವಧಿ ಓಡುತ್ತದೆ. ಊರಿನ ಹೆಸರು ಖಚಿತವಾಗುವ ತನಕ ದುಡ್ಡು ಕಟ್ಟಬೇಡಿ.